ನಿಂತ ಎದೆಹಾಲು ಮತ್ತೆ ಬಂದಿದೆ: ಜೊತೆಗಿದ್ದ ಎಲ್ಲರಿಗೂ ವಂದನೆ

ಕಾಯಿಲೆಯಿಂದಲೋ, ಮಗು ಆಸ್ಪತ್ರೆಯಲ್ಲಿ ಬೇರೆ ಉಳಿದಿದ್ದರಿಂದಲೋ, ಯಾರೋ ಕೊಟ್ಟ ತಪ್ಪು ಸಲಹೆಯಿಂದಲೋ ಹಾಲುಣಿಸುವುದು ನಿಂತುಹೋಗಿದ್ದ ತಾಯಂದಿರು ಮತ್ತೆ ಮಗುವನ್ನು ಎದೆಗೆ ಹಾಕಿಕೊಳ್ಳುತ್ತಿದ್ದಾರೆ. ಬಾಣಂತಿಯರಿಗೆ ಹಾಲುಣಿಸಲು ನೆರವಾಗುವ ನಮ್ಮ ಬಳಗಕ್ಕೆ ಇದಕ್ಕಿಂತ ದೊಡ್ಡ ಸಂತೋಷ ಬೇರಿಲ್ಲ. ಇದರ ಹಿಂದೆ ಹಲವು ಕೈಗಳ ದುಡಿಮೆಯಿದೆ. ಯಾರು ಏನು ಮಾಡಿದರು ಎಂದು ಬಿಡಿಸಿ ಹೇಳಿಯೇ ವಂದಿಸುತ್ತೇವೆ. ಈಗಷ್ಟೇ ಈ ಪ್ರಯತ್ನ ಶುರುಮಾಡಿದವರಿಗೂ ಅದು ಉಪಯೋಗಕ್ಕೆ ಬಂದೀತು.

ಮೊದಲ ವಂದನೆ ತಾಯಂದಿರಿಗೆ. ಒಂದು ಹನಿಯೂ ಕಾಣದ ದಿನಗಳಲ್ಲೂ ನೀವು 24 ಗಂಟೆಯಲ್ಲಿ 8ರಿಂದ 12 ಸಲ ಮಗುವನ್ನು ಎದೆಗೆ ಹಾಕಿದಿರಿ. ಮಗು ಚೀಪದಿದ್ದಾಗ ಕೈಯಿಂದ ಹಿಂಡಿದಿರಿ, ಇಲ್ಲವೇ ಒಂದೊಂದು ಬದಿಗೆ 10-15 ನಿಮಿಷ ಪಂಪ್ ಹಿಡಿದಿರಿ. ಖಾಲಿ ಎದೆಯನ್ನು ಹಿಂಡುವುದು ವ್ಯರ್ಥವೆಂದು ಹಲವರು ಅಂದಿರಬಹುದು. ಅದು ವ್ಯರ್ಥವಲ್ಲ. ತೊಟ್ಟಿಗೆ ಸಿಗುವ ಪ್ರಚೋದನೆಯಿಂದಲೇ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರುವುದು, ಅದರಿಂದಲೇ ಹಾಲು ತಯಾರಾಗುವುದು. ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಿರುತ್ತದೆ. ಹಾಗಾಗಿ ರಾತ್ರಿಯ ಸರದಿಯನ್ನು ಬಿಡದೆ ನಡೆಸಿದ್ದಕ್ಕೆ ವಿಶೇಷ ಮೆಚ್ಚುಗೆ. ಕೆಲವರಿಗೆ ಕೆಲವೇ ದಿನಗಳಲ್ಲಿ ಹನಿ ಕಂಡಿತು, ಕೆಲವರಿಗೆ ವಾರಗಳೇ ಹಿಡಿದವು. ಮಗು ಚಿಕ್ಕದಿದ್ದಷ್ಟೂ, ಹಾಲು ನಿಂತು ಕಡಿಮೆ ಕಾಲವಾಗಿದ್ದಷ್ಟೂ ಕೆಲಸ ಸಲೀಸು. ಇದು ತಾಯಿಯ ಹಟ, ಪ್ರೀತಿಗಳನ್ನು ಅಳೆಯುವ ಲೆಕ್ಕವಲ್ಲ.

ಬಾಟಲಿ ರೂಢಿಯಾದ ಮಗು ಎದೆಗೆ ಹಾಕಿದೊಡನೆ ಬೆನ್ನು ಸೆಟೆಸಿ ಅತ್ತರೆ ತಾಯಿಯ ಎದೆಯೊಡೆಯುತ್ತದೆ. ಆಗ 'ಮಗುವಿಗೆ ನೀನು ಬೇಡವೆಂದಲ್ಲ, ಹಾಲು ತಕ್ಷಣ ಬರಲಿಲ್ಲವೆಂದು ಸಿಟ್ಟು' ಎಂದು ಸಮಾಧಾನ ಹೇಳಿದ ಅತ್ತೆಯರಿಗೆ, ಅಮ್ಮಂದಿರಿಗೆ ನಮಸ್ಕಾರ. ಮಗುವಿನ ತಲೆಯನ್ನು ಹಿಂದಿನಿಂದ ಒತ್ತದೆ, ಬಟ್ಟೆ ಬಿಚ್ಚಿ ತಾಯಿಯ ಎದೆಯ ಮೇಲೆ ಮಲಗಿಸಿ, ಅರೆನಿದ್ದೆಯಲ್ಲಿದ್ದಾಗ ಪ್ರಯತ್ನಿಸಿದವರು ನೀವು. ಹಸಿದು ಚೀರುವ ಮೊದಲೇ ಸ್ವಲ್ಪ ಹಾಲು ಕುಡಿಸಿ, ಆಮೇಲೆ ಎದೆಗೆ ಹಾಕಿಸಿದಿರಿ. ಬಾಟಲಿಯನ್ನು ಬದಿಗಿಟ್ಟು ಒಳಲೆಯಲ್ಲಿ ಕುಡಿಸುವ ತಾಳ್ಮೆಯೂ ನಿಮ್ಮದೇ.

ಇನ್ನು ಹಾಲಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತ ಗಂಡಂದಿರು, ತಂಗಿಯರು. 5ನೇ ನಂಬರಿನ ಸಣ್ಣ ಫೀಡಿಂಗ್ ಟ್ಯೂಬಿನ ಒಂದು ತುದಿ ಬಟ್ಟಲಿನಲ್ಲಿ, ಇನ್ನೊಂದು ತುದಿ ತೊಟ್ಟಿನ ಪಕ್ಕಕ್ಕೆ ಟೇಪಿನಿಂದ ಅಂಟಿಸಿದ್ದು. ಮಗು ಎರಡನ್ನೂ ಒಟ್ಟಿಗೆ ಬಾಯಲ್ಲಿ ಹಿಡಿದು ಚೀಪಿದಾಗ ಹೊಟ್ಟೆಗೂ ಸಿಗುತ್ತದೆ, ಎದೆಗೂ ಪ್ರಚೋದನೆ ಸಿಗುತ್ತದೆ. ಈ ಇಡೀ ಪ್ರಯತ್ನದ ಜೀವಾಳ ಇದೇ ಎಂದು ನಮ್ಮ ನಂಬಿಕೆ. ಬಟ್ಟಲು ಮೇಲೆತ್ತಿದರೆ ಹರಿವು ಹೆಚ್ಚುತ್ತದೆ, ತಗ್ಗಿಸಿದರೆ ಕಡಿಮೆಯಾಗುತ್ತದೆ. ಒಂದು ಊಟಕ್ಕೆ ಸುಮಾರು 30 ನಿಮಿಷ ಹಿಡಿಯುವಂತೆ ಹೊಂದಿಸಬೇಕು; ಹತ್ತೇ ನಿಮಿಷಕ್ಕೆ ಬಟ್ಟಲು ಬರಿದಾದರೆ ಎದೆಗೆ ಸಿಗಬೇಕಾದ ಚೀಪುವಿಕೆ ಸಿಗುವುದಿಲ್ಲ. ಹಾಲು ಏರದಿದ್ದರೆ ಟ್ಯೂಬಿನ ತೂತು ಬಟ್ಟಲಿನ ತಳಕ್ಕೆ ಒತ್ತಿಕೊಂಡಿರಬಹುದು, ಪುಡಿಹಾಲಿನ ಗಂಟು ಸಿಕ್ಕಿರಬಹುದು. ಮಗು ಬಾಯಿ ಅಗಲಿಸದೆ ಬರೀ ಟ್ಯೂಬನ್ನು ಸ್ಟ್ರಾನಂತೆ ಎಳೆಯುತ್ತಿದ್ದರೆ ಬಿಡಿಸಿ ಮತ್ತೆ ಹಿಡಿಸಬೇಕು. ಕುಡಿದು ಮುಗಿದ ತಕ್ಷಣ ಸಿರಿಂಜಿನಿಂದ ಟ್ಯೂಬಿನೊಳಕ್ಕೆ ಸೋಪಿನ ಬಿಸಿನೀರು, ಆಮೇಲೆ ಶುದ್ಧ ನೀರು ಹಾಯಿಸಿ ತೊಳೆದವರಿಗೆ ಇನ್ನೊಂದು ನಮಸ್ಕಾರ. ಒಳಗೆ ಒಣಗಿದ ಹಾಲು ಆಮೇಲೆ ಬಿಡುವುದೇ ಇಲ್ಲ.

ವಾರವಾರವೂ ಮಗುವನ್ನು ತೂಗಿದ ನರ್ಸ್‌ಗಳಿಗೆ, ವೈದ್ಯರಿಗೆ ನಾವು ಋಣಿ. ಎದೆಹಾಲು ಬರುವ ತನಕ 6 ತಿಂಗಳೊಳಗಿನ ಮಗುವಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 150 ಮಿ.ಲೀ. ಮೇಲುಹಾಲು ಬೇಕು, 4 ಕಿಲೋ ಮಗುವಿಗೆ 600 ಮಿ.ಲೀ., 8 ಸಲವಾದರೆ ಸಲಕ್ಕೆ 75. ಎದೆಹಾಲು ಬರತೊಡಗಿದ ಮೇಲೆ ಇಡೀ ದಿನದ ಮೊತ್ತದಲ್ಲಿ 50 ಮಿ.ಲೀ. ಮಾತ್ರ ಇಳಿಸಿ, ಕೆಲವು ದಿನ ಅಷ್ಟರಲ್ಲೇ ನಿಲ್ಲಿಸಿ ನೋಡಬೇಕು. ವಾರಕ್ಕೆ ಕನಿಷ್ಠ 125 ಗ್ರಾಂ ತೂಕ ಏರದಿದ್ದರೆ, ದಿನಕ್ಕೆ 6 ಸಲವೂ ಮೂತ್ರವಾಗದಿದ್ದರೆ ಮತ್ತೆ ಮೊದಲಿನಷ್ಟೇ ಕೊಡಬೇಕು. ಮಗು ಮಂಕಾಗಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಎದೆಗೆ ಬೇಗ ಮರಳಲಿ ಎಂಬ ಆಸೆಗೆ ಪುಡಿಹಾಲಿಗೆ ಹೆಚ್ಚು ನೀರು ಬೆರೆಸಿ ತೆಳುಮಾಡಿ ಕೊಡುವುದು ಅಪಾಯ. ಅದನ್ನು ಖಂಡಿತವಾಗಿ ತಡೆದ ನಿಮ್ಮ ಎಚ್ಚರಕ್ಕೆ ಶರಣು.

ಹಾಲು ಹೆಚ್ಚಿಸುವ ಮಾತ್ರೆಗಳ ಬಗ್ಗೆ ಹೇಳುವುದು ಕಡಿಮೆ. ಪದೇಪದೇ ಚೀಪಿಸದೆ ಅವುಗಳಿಂದ ಪ್ರಯೋಜನವಿಲ್ಲ. ಅವುಗಳಲ್ಲೊಂದಾದ ಡೊಂಪೆರಿಡೋನ್ ಹೃದಯದ ಬಡಿತವನ್ನು ಏರುಪೇರು ಮಾಡಬಹುದಾದ್ದರಿಂದ ವೈದ್ಯರು ಹೇಳದೆ ಮುಟ್ಟಲೇಬಾರದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಹಾಲನ್ನು ತಗ್ಗಿಸಬಹುದಾದ್ದರಿಂದ, ತಾಯಿ ಅದನ್ನು ತೆಗೆದುಕೊಳ್ಳುತ್ತಿದ್ದಾಳೆಯೇ ಎಂದು ಮೊದಲೇ ವಿಚಾರಿಸಿದ ವೈದ್ಯರಿಗೆ ಧನ್ಯವಾದ.

ಪೂರ್ತಿ ಹಾಲು ಬಾರದ ತಾಯಂದಿರೂ ನಮ್ಮ ಜೊತೆಗಿದ್ದಾರೆ. ಅರ್ಧ ಎದೆಹಾಲು, ಅರ್ಧ ಮೇಲುಹಾಲು ಎಂದು ಮಗುವನ್ನು ಸಾಕುತ್ತಿರುವ ನಿಮಗೂ ಇಷ್ಟೇ ಗೌರವದ ವಂದನೆ. ಟ್ಯೂಬನ್ನು ಇನ್ನೂ ಬಿಡಲಾಗದಿದ್ದರೆ ಬಿಡಬೇಡಿ, ಬೇಕಾದಷ್ಟು ತಿಂಗಳು ಬಳಸಿ. ಸಂದೇಹ ಬಂದಾಗ ಯಾವ ಹೊತ್ತಾದರೂ ಕೇಳಿ.