ಶಿಬಿರ ಮುಗಿದ ಮೇಲೆ ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಉದ್ಯೋಗಿಗಳ ಹೃದಯದ ಆರೋಗ್ಯದ ಬಗ್ಗೆ ಸಂಸ್ಥೆಗಳು ತೋರುತ್ತಿರುವ ಕಾಳಜಿ ಸ್ವಾಗತಾರ್ಹವೇ ಆದರೂ, ಅದು ವರ್ಷಕ್ಕೊಂದು ತಪಾಸಣಾ ಶಿಬಿರ ಮತ್ತು ಒಂದು ಉಪನ್ಯಾಸದಲ್ಲಿ ಮುಗಿದುಹೋಗುತ್ತಿರುವುದು ಸರಿಯಲ್ಲ. ಮೆಟ್ಟಿಲು ಹತ್ತಿ ಬಂದವರನ್ನು ಐದು ನಿಮಿಷವೂ ಸುಮ್ಮನೆ ಕೂರಿಸದೆ, ತೋಳಿಗೆ ಆಸರೆಯನ್ನೂ ಕೊಡದೆ ರಕ್ತದೊತ್ತಡ ಅಳೆಯಲಾಗುತ್ತದೆ. 150/96 ಎಂದು ಬಂದರೆ ಚೀಟಿಯಲ್ಲಿ ಗೀಚಿ, ವೈದ್ಯರನ್ನು ಕಾಣಿ ಎಂದು ಸಾಗಹಾಕಲಾಗುತ್ತದೆ. ಅದು ನಿಜವಾದ ಏರೊತ್ತಡವೋ ಅಥವಾ ಆತುರದಲ್ಲಿ ಬಂದದ್ದರ ಫಲವೋ ಎಂದು ಇನ್ನೊಂದು ದಿನ ಅಳೆದು ನೋಡುವವರಿಲ್ಲ, ಚಿಕಿತ್ಸೆ ಶುರುವಾಯಿತೇ ಎಂದು ಮೂರು ತಿಂಗಳ ನಂತರ ವಿಚಾರಿಸುವವರೂ ಇಲ್ಲ. ರಕ್ತದೊತ್ತಡ ಹೆಚ್ಚಿದ ಬಹುತೇಕರಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲವಾದ್ದರಿಂದ ಚೀಟಿ ಮೇಜಿನ ಡ್ರಾಯರ್ ಸೇರುತ್ತದೆ.

ಕೆಲಸದ ಸ್ವರೂಪಕ್ಕೂ ಹೃದ್ರೋಗಕ್ಕೂ ಇರುವ ನಂಟು ಹೊಸದಾಗಿ ತಿಳಿದದ್ದೇನಲ್ಲ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದಿನವಿಡೀ ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂಬುದನ್ನು ಬ್ರಿಟನ್ನಿನ ವೈದ್ಯಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲೇ ಪ್ರಕಟಿಸಿದ್ದರು. ಬ್ರಿಟನ್ನಿನ ಸರ್ಕಾರಿ ನೌಕರರ ಕುರಿತು 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನ ಹೇಳಿದ್ದು ಇನ್ನೂ ಇರಿಸುಮುರಿಸಿನ ಮಾತು. ಹೃದಯಾಘಾತ ದೊಡ್ಡ ಅಧಿಕಾರಿಗಳ ಕಾಯಿಲೆ ಎಂಬ ನಂಬಿಕೆಗೆ ವಿರುದ್ಧವಾಗಿ, ಹೃದ್ರೋಗದ ಸಾವು ಕೆಳದರ್ಜೆಯ ನೌಕರರಲ್ಲೇ ಹೆಚ್ಚಾಗಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟ್ರಾಲ್‌ಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿಯಾಗಿ ಅಳಿಯಲಿಲ್ಲ. ಇನ್ನು ದುಡಿಮೆಯ ಅವಧಿಯ ವಿಷಯಕ್ಕೆ ಬಂದರೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಅಂದಾಜಿಸಿವೆ.

ಹೀಗಿರುವಾಗ, ವಾರಕ್ಕೆ 150 ನಿಮಿಷ ನಡೆಯಿರಿ ಎಂದು ಬೆಳಿಗ್ಗೆ ಉಪದೇಶ ಕೊಡಿಸಿ, ರಾತ್ರಿ ಎಂಟಕ್ಕೆ ಸಭೆ ಕರೆಯುವ ಆಡಳಿತವರ್ಗ ಹೃದ್ರೋಗದ ಹೊಣೆಯನ್ನೆಲ್ಲ ಉದ್ಯೋಗಿಯ ಹೆಗಲಿಗೇ ಹೊರಿಸಿದಂತಲ್ಲವೇ? ತಂಬಾಕು ಬಿಡುವುದು, ಉಪ್ಪು ಕಡಿಮೆ ಮಾಡುವುದು ಅವರವರ ಕೈಯಲ್ಲಿದೆ, ಒಪ್ಪೋಣ. ಆದರೆ ಪಾಳಿಯ ವೇಳಾಪಟ್ಟಿ, ಕೆಲಸದ ಹೊರೆ, ನಡುವೆ ಎದ್ದು ಓಡಾಡುವ ಬಿಡುವು ಇವೆಲ್ಲ ಆಡಳಿತದ ಕೈಯಲ್ಲಿವೆ. ಶಿಬಿರದ ಖರ್ಚಿನ ಒಂದು ಪಾಲನ್ನು, ರಕ್ತದೊತ್ತಡ ಹೆಚ್ಚಿದ್ದವರನ್ನು ಮತ್ತೆ ಮತ್ತೆ ಕರೆದು ನೋಡುವ ಒಬ್ಬ ದಾದಿಗಾಗಿ ಮೀಸಲಿಟ್ಟರೂ ಈಗಿನದಕ್ಕಿಂತ ಹೆಚ್ಚು ಪ್ರಯೋಜನವಾದೀತು. ವರದಿ ಮೇಲಧಿಕಾರಿಯ ಕೈಸೇರದು ಎಂಬ ಲಿಖಿತ ಭರವಸೆಯೂ ಬೇಕು, ಇಲ್ಲವಾದರೆ ಬಡ್ತಿಯ ಭಯದಿಂದ ಕಾಯಿಲೆ ಮುಚ್ಚಿಡುವವರೇ ಹೆಚ್ಚಾಗುತ್ತಾರೆ. ಜೊತೆಗೆ, ಗುತ್ತಿಗೆಯ ಮೇಲಿರುವ ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ ಮತ್ತು ಚಾಲಕರ ಹೆಸರುಗಳೂ ಮುಂದಿನ ಶಿಬಿರದ ಪಟ್ಟಿಯಲ್ಲಿರಲಿ.

– ಒಬ್ಬ ಉದ್ಯೋಗಿ