ಅಂಗಡಿಯವರೇ, ಮೀನಿನ ಉಸಿರಿನ ಬಗ್ಗೆಯೂ ಹೇಳಿ

ಸಂಪಾದಕರೇ,

ವಿಜಯಪುರದಲ್ಲಿ ನನ್ನದೊಂದು ಟೇಲರ್ ಅಂಗಡಿ. ಮಷೀನಿನ ಪಕ್ಕದಲ್ಲೇ ಎರಡು ಅಡಿಯ ಮೀನಿನ ತೊಟ್ಟಿ ಇದೆ. ಕಳೆದ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಬಾಗಿಲು ತೆಗೆದರೆ, ನಾಲ್ಕೂ ಗೋಲ್ಡ್‌ಫಿಷ್ ನೀರಿನ ಮೇಲ್ಗಡೆ ಬಾಯಿ ತೆರೆದು ಮುಚ್ಚಿ ಒದ್ದಾಡುತ್ತಿದ್ದವು. ರಾತ್ರಿ ಕರೆಂಟ್ ಹೋಗಿ, ನೀರಿಗೆ ಗಾಳಿಗುಳ್ಳೆ ಬಿಡುವ ಪಂಪ್ ನಿಂತಿತ್ತು. ಮಧ್ಯಾಹ್ನದೊಳಗೆ ಒಂದು ಸತ್ತೇಹೋಯಿತು. ತುಂಬಾ ಸಂಕಟವಾಯಿತು.

ಗುಳ್ಳೆಯೊಳಗಿನ ಗಾಳಿಯೇ ನೀರಿಗೆ ಸೇರುತ್ತದೆ ಅಂತ ನಂಬಿದ್ದೆ. ಆದರೆ ಗುಳ್ಳೆ ಕ್ಷಣದಲ್ಲಿ ಮೇಲೆ ಬಂದು ಒಡೆಯುತ್ತದೆ, ಅಷ್ಟರಲ್ಲಿ ಕರಗುವುದು ಸ್ವಲ್ಪವೇ. ಅದು ತಳದ ನೀರನ್ನು ಮೇಲೆಳೆದು ಕದಡುತ್ತದಲ್ಲ, ಅದೇ ದೊಡ್ಡ ಕೆಲಸ. ಆಕ್ಸಿಜನ್ ಒಳಗೆ ಬರುವುದು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದು ಹೆಚ್ಚಾಗಿ ಗಾಳಿ ತಾಗುವ ಆ ಮೇಲ್ಭಾಗದಲ್ಲೇ. ಮೇಲೆ ನಮ್ಮೂರ ಬಿಸಿಲು ಬೇರೆ! 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಬಿಸಿಯಾದ ಸೋಡಾ ಬೇಗ ಉಕ್ಕುತ್ತದೆ ಅಲ್ವಾ, ಹಾಗೇ. ಮೀನಿಗೋ ಸೆಕೆಯಲ್ಲಿ ಆಕ್ಸಿಜನ್ ಜಾಸ್ತಿ ಬೇಕು.

ಮೀನು ಮಾರುವವರು ಮಕ್ಕಳ ಕೈಗೆ ಸುಮ್ನೆ ದುಂಡನೆಯ ಗಾಜಿನ ಬುರುಡೆ ಕೊಟ್ಟು ಕಳಿಸಬೇಡಿ. ಅದನ್ನು ಕುತ್ತಿಗೆವರೆಗೆ ತುಂಬಿದರೆ ಗಾಳಿ ತಾಗುವ ಜಾಗ ಅಂಗೈಯಷ್ಟೇ ಉಳಿಯುತ್ತದೆ. ಅಗಲ ಬಾಯಿಯ ತೊಟ್ಟಿಯನ್ನೇ ತೋರಿಸಿ.

ಈಗ ಕರೆಂಟ್ ಹೋದರೆ ನಾನು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ತೆಗೆದು, ಗೇಣುದ್ದ ಮೇಲಿಂದ ಮತ್ತೆ ಅದಕ್ಕೇ ಸುರಿಯುತ್ತೇನೆ. ಹದಿನೈದು ಇಪ್ಪತ್ತು ಸಲ, ಮೀನು ಕೆಳಗಿಳಿಯುವವರೆಗೆ.

– ಒಬ್ಬ ಟೇಲರ್, ವಿಜಯಪುರ