ಆ ರಾತ್ರಿ ಎಲ್ಲರಿಗೂ ಒಂದೇ ಕಿವಿ

ಸಂಗೀತ ಕಾರ್ಯಕ್ರಮ ಮುಗಿದು ನಾಲ್ಕು ದಿನ ಆಯಿತು. ತಲೆಯೊಳಗೆ ಡ್ರಮ್ಸ್ ಇನ್ನೂ ನಿಂತಿಲ್ಲ. ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಹೋದ ವರ್ಷ ಒಂದು ಬೆಳಿಗ್ಗೆ ಎದ್ದಾಗ ಎಡಗಿವಿ ಕೇಳಿಸುತ್ತಿರಲಿಲ್ಲ. ನೆಗಡಿಗೆ ಕಟ್ಟಿಕೊಂಡಿರಬೇಕು ಅಂತ ಮೂರು ವಾರ ಸುಮ್ನೆ ಇದ್ದುಬಿಟ್ಟೆ. ಹಾಗೆ ಇರಬಾರದಿತ್ತು. ಕಿವಿ ಹೀಗೆ ಏಕಾಏಕಿ ಹೋದರೆ ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾಗಬೇಕು, ಆದಷ್ಟೂ ಮೊದಲ 2 ವಾರದೊಳಗೆ. ನಿಮಗ್ಯಾರಿಗಾದರೂ ಹಾಗಾದರೆ ದಯವಿಟ್ಟು ಅವತ್ತೇ ಕಿವಿ ಡಾಕ್ಟರ ಹತ್ತಿರ ಓಡಿ. ನನ್ನದು ವಾಪಸ್ ಬರಲಿಲ್ಲ.

ಒಂದು ಕಿವಿ ಹೋದರೆ ಸದ್ದು ಸ್ವಲ್ಪ ಕಡಿಮೆ ಕೇಳುತ್ತದೆ, ಅಷ್ಟೇ ಅಲ್ವಾ ಅಂತ ಕೇಳುತ್ತಾರೆ. ಅಷ್ಟೇ ಅಲ್ಲ. ಎರಡು ಕಿವಿಗೂ ಸದ್ದು ಮುಟ್ಟುವುದರಲ್ಲಿ ಇರುವ ಚೂರೇ ಚೂರು ಹಿಂದುಮುಂದನ್ನು ಹಿಡಿದು ಮಿದುಳು ದಿಕ್ಕು ಗೊತ್ತು ಮಾಡಿಕೊಳ್ಳುತ್ತದೆ. ನನಗೀಗ ಯಾರಾದರೂ ಕರೆದರೆ ಎಲ್ಲಿಂದ ಅಂತ ತಿಳಿಯುವುದಿಲ್ಲ, ನಿಂತಲ್ಲೇ ಒಂದು ಸುತ್ತು ತಿರುಗುತ್ತೇನೆ. ಜನ ಸೇರಿದ ಕಡೆ ಪಕ್ಕದವರ ಮಾತೂ ಕಲಸಿಹೋಗುತ್ತದೆ. ಇಯರ್‌ಫೋನ್ ಹಾಕಿದರೆ ಹಾಡಿನಲ್ಲಿ ಎಡಗಡೆಗೆ ಮಾತ್ರ ಇಟ್ಟ ಗಿಟಾರ್ ಸದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಎರಡೂ ಕಡೆಯದನ್ನು ಸೇರಿಸಿ ಕೇಳಿಸುವ 'ಮೊನೊ' ಸೆಟ್ಟಿಂಗ್ ಫೋನಿನಲ್ಲಿ ಇರುತ್ತದೆ. ತಂಗಿ ಅದನ್ನು ಹುಡುಕಿ ಹಾಕಿಕೊಟ್ಟಳು. ಆದರೆ ಅಷ್ಟು ಹೊತ್ತಿಗೆ ನಾನು ಹಾಡು ಕೇಳುವುದನ್ನೇ ಬಿಟ್ಟಿದ್ದೆ.

ಟಿಕೆಟ್ ತಂದಿದ್ದೂ ಅವಳೇ. "ಅಕ್ಕಾ, ಅರ್ಧ ಗಂಟೆ ನಿಲ್ಲು. ಆಗಲಿಲ್ಲ ಅಂದ್ರೆ ಎದ್ದು ಬಂದುಬಿಡೋಣ," ಅಂದಳು. ಅವಳ ಮನಸ್ಸು ನೋಯಿಸಬಾರದು ಅಂತ ಹೊರಟೆ. ಆಸೆ ಇಟ್ಟುಕೊಂಡೇನೂ ಅಲ್ಲ.

ಗೇಟಿನಲ್ಲಿದ್ದ ಹುಡುಗಿಗೆ ತಂಗಿ ನನ್ನ ಕಿವಿಯ ವಿಷಯ ಹೇಳಿದಳು. ಆ ಹುಡುಗಿ ಮರುಮಾತಾಡದೆ ನಮ್ಮನ್ನು ಸೌಂಡ್ ಮಿಕ್ಸರ್ ಇಟ್ಟಿದ್ದ ಜಾಗದ ಹಿಂದೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಪುಣ್ಯಾತ್ಗಿತ್ತಿ, ನಿನಗೆ ದೊಡ್ಡ ಥ್ಯಾಂಕ್ಸ್.

ಮಿಕ್ಸರ್ ಮುಂದಿದ್ದ ಸೌಂಡ್ ಇಂಜಿನಿಯರ್ ತಿರುಗಿ ನೋಡಿ, "ಮೇಡಂ, ಬಲಗಿವಿಗೆ ಇದನ್ನ ಹಾಕ್ಕೊಳ್ಳಿ, ಉಳಿದಿರೋದು ಅದೊಂದೇ ಅಲ್ವಾ," ಅಂತ ಪ್ಯಾಕೆಟ್ ಒಡೆದು ಇಯರ್‌ಪ್ಲಗ್ ಕೊಟ್ಟರು. ಹತ್ತಿಯ ಹಾಗೆ ಎಲ್ಲವನ್ನೂ ಮಂಕು ಮಾಡುವಂಥದ್ದಲ್ಲ. ಸಂಗೀತಗಾರರೇ ಬಳಸುವ ಇದು ತಾರ ಸ್ವರ, ಮಂದ್ರ ಸ್ವರ ಎರಡನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ. ಅವರ ಪಕ್ಕದ ಮೀಟರಿನಲ್ಲಿ ಅಂಕಿ 97ರ ಸುತ್ತ ಆಡುತ್ತಿತ್ತು. ಇಂಥ ಕಡೆ ಸರಾಸರಿ ಸದ್ದು 100 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅಂಕಿ ಏರಿದಾಗೆಲ್ಲ ಅವರ ಬೆರಳು ತಾನಾಗಿ ಕೆಳಗೆ ಸರಿಯುತ್ತಿತ್ತು.

ಎಡಗಡೆಯಿಂದ ಬರುವುದೆಲ್ಲ ನನಗೆ ತಪ್ಪಿಹೋಗುತ್ತದೆ ಅಲ್ವಾ ಅಂತ ಕೇಳಿದೆ. ಅವರು ನಕ್ಕರು. "ಇಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಮೊನೊನೇ ಮೇಡಂ. ಆ ತುದೀಲಿ ನಿಂತವರಿಗೆ ಈ ತುದಿ ಸ್ಪೀಕರ್ ಸರಿಯಾಗಿ ಕೇಳಲ್ಲ. ಅದಕ್ಕೇ ಮುಖ್ಯವಾದದ್ದನ್ನೆಲ್ಲ ಎರಡೂ ಕಡೆಗೆ ಕಳಿಸ್ತೀವಿ."

ಒಂದು ವರ್ಷದಲ್ಲಿ ಯಾರ ಸಮಾಧಾನದ ಮಾತೂ ಮಾಡದ ಕೆಲಸವನ್ನು ಈ ಮಾತು ಮಾಡಿತು. ಸಾವಿರಾರು ಜನ ನನ್ನ ಹಾಗೇ ಕೇಳುತ್ತಿದ್ದರು.

ಮೊದಲ ಹಾಡಿಗೇ ಬೇಸ್ ಎದೆಗೆ ಬಂದು ಗುದ್ದಿತು. ಕೈಯಲ್ಲಿದ್ದ ಖಾಲಿ ನೀರಿನ ಬಾಟಲಿ ನಡುಗುತ್ತಿತ್ತು. ಎರಡೂ ಅಂಗೈಯಲ್ಲಿ ಹಿಡಿದೆ. ಬೇಸ್ ಗಿಟಾರಿನ ಒಂದೊಂದು ಮೀಟೂ ಬಾಟಲಿಯೊಳಗೆ ಸಿಗುತ್ತಿತ್ತು. ತಂಗಿ ಕೈಗೂ ಕೊಟ್ಟೆ. ಎರಡು ಕಿವಿ ಇದ್ದೂ ಅವಳು ಬಾಯಿ ಬಿಟ್ಟಳು!

ಐದನೇ ಹಾಡಿಗೋ ಆರನೆಯದಕ್ಕೋ ಕೀಬೋರ್ಡ್ ಫಕ್ಕನೆ ಸತ್ತಿತು. ಬೇರೆ ತಂಡ ಆಗಿದ್ದರೆ ಹಾಡು ನಿಲ್ಲಿಸುತ್ತಿತ್ತೇನೋ. ಇವರ ಡ್ರಮ್ಮರ್, ಬೇಸ್ ನುಡಿಸುವವರು ಮುಖ ಮುಖ ನೋಡಿಕೊಂಡು ಅದೇ ಒಂದು ಸಾಲನ್ನು ಸುತ್ತಿ ಸುತ್ತಿ ಬಾರಿಸಿದರು. ಒಬ್ಬ ಹುಡುಗ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೀಬೋರ್ಡ್ ಕೆಳಗೆ ತೆವಳಿ ವೈರ್ ಬದಲಾಯಿಸುತ್ತಿದ್ದ. ಗಾಯಕಿ ಮೈಕ್ ಕೆಳಗಿಟ್ಟು ಚಪ್ಪಾಳೆ ಶುರು ಮಾಡಿದರು. ಆಮೇಲೆ ಇಡೀ ಮೈದಾನ ತಟ್ಟಿತು. ಸುತ್ತಲೂ ಚಪ್ಪಾಳೆ. ಎಲ್ಲಿಂದ ಬರುತ್ತಿದೆ ಅಂತ ಹುಡುಕುವ ಅಗತ್ಯವೇ ಇರಲಿಲ್ಲ. ಕೀಬೋರ್ಡ್ ವಾಪಸ್ ಬಂದಾಗ ಎದ್ದ ಕೂಗಿನಲ್ಲಿ ನಂದೂ ಇತ್ತು. ಗಂಟಲು ಇನ್ನೂ ಸರಿಯಾಗಿಲ್ಲ.

ಟಾರ್ಚ್ ಹುಡುಗನಿಗೆ, ಬೆವರಿನಲ್ಲಿ ತೊಯ್ದು ಎರಡೂವರೆ ಗಂಟೆ ಕುಣಿಸಿದ ತಂಡಕ್ಕೆ, ಇಯರ್‌ಪ್ಲಗ್ ಕೊಟ್ಟ ಸರ್‌ಗೆ, ನನ್ನ ಎತ್ತರ ನೋಡಿ ತಾನಾಗಿ ಪಕ್ಕಕ್ಕೆ ಸರಿದ ಉದ್ದನೆಯ ಅಣ್ಣನಿಗೆ, ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ವಾಪಸ್ ಬರುವಾಗ ತಂಗಿ ನನ್ನ ಎಡಗಡೆ ನಡೆಯುತ್ತಾ ಏನೇನೋ ಹೇಳಿದಳಂತೆ. ಒಂದೂ ಕೇಳಿಸಲಿಲ್ಲ. ಅರ್ಧ ದಾರಿಯಲ್ಲಿ ಅವಳಿಗೇ ನೆನಪಾಗಿ, ಹಣೆ ಚಚ್ಚಿಕೊಂಡು ಬಲಗಡೆಗೆ ಬಂದಳು. ಕೀಬೋರ್ಡ್ ಕೆಟ್ಟಲ್ಲಿಂದ ಮತ್ತೆ ಶುರು ಮಾಡಿದಳು.